ಸೋತ ಈಜು, ಗೆದ್ದ ಗಡಿಯಾರ

1927ರ ಅಕ್ಟೋಬರ್ 7ರಂದು ಲಂಡನ್ನಿನ ಬೆರಳಚ್ಚುಗಾರ್ತಿ ಮರ್ಸಿಡಿಸ್ ಗ್ಲೈಟ್ಸ್ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳು. ಬ್ರಿಟನ್ನಿನ ಮಹಿಳೆಯರಲ್ಲಿ ಈ ಸಾಹಸಗೈದವರಲ್ಲಿ ಆಕೆಯೇ ಮೊದಲಿಗಳು. ಆದರೆ ನಾಲ್ಕೇ ದಿನಗಳಲ್ಲಿ ಮತ್ತೊಬ್ಬ ಮಹಿಳೆ ತಾನು ಇನ್ನೂ ಬೇಗನೆ ದಾಟಿದೆನೆಂದು ಸಾರಿ, ಬಳಿಕ ಅದು ಸುಳ್ಳೆಂದು ತಾನೇ ಒಪ್ಪಿಕೊಂಡಳು. ಒಬ್ಬಳ ಹುಸಿಯಿಂದ ಇನ್ನೊಬ್ಬಳ ನಿಜಕ್ಕೂ ಕಳಂಕ ತಟ್ಟಿತು. ಜನರ ಶಂಕೆಯನ್ನು ತೊಡೆಯಲು ಗ್ಲೈಟ್ಸ್ ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿದಳು.

ರೋಲೆಕ್ಸ್ ಗಡಿಯಾರಗಳ ಒಡೆಯ ಹಾನ್ಸ್ ವಿಲ್ಸ್‌ಡಾರ್ಫ್‌ನ ವ್ಯಾಪಾರಿ ಕಣ್ಣಿಗೆ ಇದು ಬೀಳದೆ ಇದ್ದೀತೆ? ಹಿಂದಿನ ವರ್ಷವಷ್ಟೇ ಸಿದ್ಧವಾಗಿದ್ದ, ಕಡಲಚಿಪ್ಪಿನಂತೆ ಬಾಯಿ ಬಿಗಿದು ನೀರನ್ನು ಒಳಬಿಡದ ‘ಆಯಿಸ್ಟರ್’ ಗಡಿಯಾರವೊಂದನ್ನು ಆಕೆಗೆ ಕೊಡಿಸಿದನು. ಅದನ್ನು ಕೊರಳಿಗೆ ಕಟ್ಟಿಕೊಂಡು, ಕೊರೆಯುವ ನೀರಿನಲ್ಲಿ ಆಕೆ ಹತ್ತು ಗಂಟೆಗೂ ಮಿಕ್ಕು ಈಜಿದಳು. ದಡ ಇನ್ನೂ ಸುಮಾರು 7 ಮೈಲಿ ಇರುವಾಗ ಮೈ ಮರಗಟ್ಟಿತು. ಜೊತೆಯವರು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಕೊರಳಿನ ಗಡಿಯಾರ ಮಾತ್ರ ನಿಲ್ಲದೆ ನಡೆಯುತ್ತಿತ್ತು!

ನವೆಂಬರ್ 24ರ ‘ಡೈಲಿ ಮೇಲ್’ ಪತ್ರಿಕೆಯ ಮುಖಪುಟದ ತುಂಬ ಆಯಿಸ್ಟರಿನ ಜಾಹೀರಾತು. ಅದರಲ್ಲಿ ಗ್ಲೈಟ್ಸಳ ಹೆಸರು. ಆಕೆ ದಡ ಮುಟ್ಟಲಿಲ್ಲವೆಂಬುದು ಮಾರಾಟಕ್ಕೇನೂ ಅಡ್ಡಿಯಾಗಲಿಲ್ಲ. ಕೊಳ್ಳುವವನಿಗೆ ಯಂತ್ರದೊಡನೆ ಒಂದು ಕಥೆಯೂ ಬೇಕು ಎಂಬ ಗುಟ್ಟು ವಿಲ್ಸ್‌ಡಾರ್ಫ್‌ನಿಗೆ ತಿಳಿದಿತ್ತು. ಆ ಗುಟ್ಟಿನ ಬೆಲೆ ಎಷ್ಟಕ್ಕೆ ಏರಿತೆಂದರೆ, ನಟ ಪಾಲ್ ನ್ಯೂಮನ್ನನಿಗೆ ಪತ್ನಿ ಕೊಟ್ಟಿದ್ದ ರೋಲೆಕ್ಸ್ ಗಡಿಯಾರವು 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ತೊಟ್ಟ ಕೈಯ ಹೆಸರನ್ನು ತೆಗೆದರೆ ಅದೊಂದು ಉಕ್ಕಿನ ಗಡಿಯಾರ, ಅಷ್ಟೆ.

ಗ್ಲೈಟ್ಸಳಿಗಾದರೋ ಹೆಸರಿಗಿಂತ ಬೇರೊಂದು ಹಂಬಲವಿತ್ತು. ಈಜಿನಿಂದ ಗಳಿಸಿದ ಹಣದಲ್ಲಿ 1933ರಲ್ಲಿ ಲೆಸ್ಟರ್ ನಗರದಲ್ಲಿ ನಿರ್ಗತಿಕರಿಗಾಗಿ ವಸತಿಗೃಹವನ್ನು ತೆರೆಯಿಸಿದಳು.