ಮಿತವ್ಯಯದ ಲೆಕ್ಕ: ಉಳಿದ ಹಣ ಮತ್ತು ಸರಿದ ಹೊರೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಗೃಹಸ್ಥನಿಗೆ ಹೇಳುವಂತೆಯೇ ಸರ್ಕಾರಗಳಿಗೂ ಹೇಳುವುದು ರೂಢಿಯಾಗಿದೆ. ಆದಾಯ ಕುಗ್ಗಿದಾಗ ವೆಚ್ಚವನ್ನೂ ಕುಗ್ಗಿಸಬೇಕೆಂಬ ತತ್ತ್ವವನ್ನು ಆಕ್ಷೇಪಿಸುವವರು ವಿರಳ. ಆದರೆ ಸಂಸಾರಕ್ಕೂ ಸರ್ಕಾರಕ್ಕೂ ಈ ವಿಷಯದಲ್ಲಿ ಒಂದು ಮುಖ್ಯವಾದ ವ್ಯತ್ಯಾಸವುಂಟು. ಸಂಸಾರದಲ್ಲಿ ಹಾಸಿಗೆಯ ಉದ್ದವನ್ನು ಅಳೆಯುವವನೂ ಕಾಲು ಮಡಿಸಿಕೊಳ್ಳುವವನೂ ಸಾಮಾನ್ಯವಾಗಿ ಒಬ್ಬನೇ. ಸರ್ಕಾರದಲ್ಲಿ ಅಳೆಯುವವರು ಒಬ್ಬರು, ಕಾಲು ಮಡಿಸಿಕೊಳ್ಳಬೇಕಾದವರು ಮತ್ತೊಬ್ಬರು. ಮಡಿಸಿಕೊಂಡವರ ಕಾಲು ನೊಂದರೆ ಆ ನೋವು ಅಳೆದವರ ಪುಸ್ತಕದಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ.

ಲೇಖಕನು ಬ್ಯಾಂಕಿನ ಉದ್ಯೋಗಿಯಾದುದರಿಂದ ಈ ಪ್ರಶ್ನೆಯನ್ನು ಲೆಕ್ಕದ ಮುಖದಿಂದಲೇ ವಿಚಾರಿಸುವುದು ಉಚಿತವೆಂದು ತೋರುತ್ತದೆ. ಸರ್ಕಾರವು ಮಾಡುವ ಉಳಿತಾಯಗಳಲ್ಲಿ ಮೂರು ಬಗೆಯುಂಟು. ಯಾರಿಗೂ ಪ್ರಯೋಜನವಿಲ್ಲದ ವೆಚ್ಚವನ್ನು ನಿಲ್ಲಿಸುವುದು ಮೊದಲನೆಯದು. ಇದು ನಿಜವಾದ ಉಳಿತಾಯ. ಇಂದು ಮಾಡಬೇಕಾದ ವೆಚ್ಚವನ್ನು ನಾಳೆಗೆ ನೂಕುವುದು ಎರಡನೆಯದು. ಇದು ಸಾಲದ ಇನ್ನೊಂದು ರೂಪ. ಸರ್ಕಾರದ ವೆಚ್ಚವನ್ನು ಪ್ರಜೆಯ ಕಿಸೆಗೋ ಇನ್ನೊಂದು ಇಲಾಖೆಯ ಖಾತೆಗೋ ಸಾಗಹಾಕುವುದು ಮೂರನೆಯದು. ಇದು ಕೇವಲ ವರ್ಗಾವಣೆ. ಆಯವ್ಯಯ ಪತ್ರದಲ್ಲಿ ಈ ಮೂರೂ ಒಂದೇ ಕಲಮಿನಲ್ಲಿ, ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ. ಅವನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆಂಬುದೇ ಪ್ರಸ್ತುತ ಲೇಖನದ ವಿಷಯ. ಇದಕ್ಕೆ ಎರಡು ದೃಷ್ಟಾಂತಗಳನ್ನು ತೆಗೆದುಕೊಳ್ಳಬಹುದು: ಒಂದು ನಮ್ಮ ಹಳೆಯ ಮೈಸೂರು ಸಂಸ್ಥಾನದ್ದು, ಮತ್ತೊಂದು ನಮ್ಮ ಕಾಲದ ಇಂಗ್ಲೆಂಡಿನದು.

೧

೧೮೭೬ರಿಂದ ೧೮೭೮ರವರೆಗೆ ಮೈಸೂರನ್ನು ಕಾಡಿದ ಮಹಾಕ್ಷಾಮದ ಕಥೆ ವಾಚಕರಿಗೆ ಹೊಸದಲ್ಲ. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಇದ್ದಿತು. ೧೮೮೧ರಲ್ಲಿ ಅದು ೪೧,೮೬,೧೮೮ಕ್ಕೆ ಇಳಿದಿತ್ತು. ಭೂಕಂದಾಯವೇ ಆದಾಯದ ಮುಖ್ಯ ಮೂಲವಾಗಿದ್ದ ನಾಡಿನಲ್ಲಿ ಇಷ್ಟು ಜನ ಇಲ್ಲವಾದರೆ ಬೊಕ್ಕಸದ ಗತಿಯೇನೆಂಬುದನ್ನು ಊಹಿಸಬಹುದು. ಕೂಡಿಟ್ಟಿದ್ದ ಹಣ ಕರಗಿಹೋಗಿ, ಬ್ರಿಟಿಷ್ ಸರ್ಕಾರಕ್ಕೆ ೮೦ ಲಕ್ಷ ರೂಪಾಯಿಗಳ ಸಾಲ ಉಳಿಯಿತು. ಸಂಸ್ಥಾನದ ಆಗಿನ ವಾರ್ಷಿಕ ಆದಾಯ ಸುಮಾರು ಒಂದು ಕೋಟಿ ರೂಪಾಯಿ. ೧೮೮೧ರ ಮಾರ್ಚ್ ೨೫ರಂದು ಆಡಳಿತವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿದಾಗ ದಿವಾನ ರಂಗಾಚಾರ್ಲು ಅವರ ಕೈಗೆ ಬಂದದ್ದು ಇಂಥ ಬೊಕ್ಕಸ.

ಹಸ್ತಾಂತರಕ್ಕೆ ಮುಂಚೆಯೇ ಮೊದಲಾಗಿದ್ದ ವೆಚ್ಚದ ಕಡಿತವನ್ನು ರಂಗಾಚಾರ್ಲು ಇನ್ನೂ ಮುಂದುವರಿಸಿದರು. ೧೮೮೨ರಲ್ಲಿ ಎಂಟು ಜಿಲ್ಲೆಗಳು ಆರಾದುವು. ಹಾಸನ ಮತ್ತು ಚಿತ್ರದುರ್ಗಗಳು ಜಿಲ್ಲೆಯ ಸ್ಥಾನವನ್ನು ಕಳೆದುಕೊಂಡು ಉಪವಿಭಾಗಗಳಾದುವು. ಕೆಲವು ತಾಲ್ಲೂಕುಗಳೂ ಹೋದುವು. ಕಾಗದದ ಮೇಲೆ ಇದು ನಿರ್ದೋಷವಾದ ಉಳಿತಾಯ. ಜಿಲ್ಲಾ ಕಚೇರಿಗಳು ಕಡಿಮೆಯಾದರೆ ಸಂಬಳಗಳ ಮೊತ್ತವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಜಿಲ್ಲಾ ಕಚೇರಿಯೆಂಬುದು ಸಂಬಳ ಪಡೆಯುವವರ ಕೂಟ ಮಾತ್ರವಲ್ಲ. ಅದು ರೈತನು ಅರ್ಜಿ ಸಲ್ಲಿಸುವ ಸ್ಥಳ, ವಾಜ್ಯ ನಡೆಸುವ ಸ್ಥಳ, ಮಳೆ ಹೋದ ವರ್ಷ ಕಂದಾಯದ ಮಾಫಿ ಕೇಳುವ ಸ್ಥಳ. ಅದು ದೂರವಾದರೆ ಎತ್ತಿನ ಗಾಡಿಯ ಬಾಡಿಗೆ, ದಾರಿಯ ಬುತ್ತಿ, ಕೆಲಸ ಬಿಟ್ಟ ದಿನಗಳ ನಷ್ಟ, ಇವೆಲ್ಲವೂ ರೈತನ ಲೆಕ್ಕಕ್ಕೆ ಸೇರುತ್ತವೆ; ಸರ್ಕಾರದ ಲೆಕ್ಕಕ್ಕೆ ಸೇರುವುದಿಲ್ಲ. ರಂಗಾಚಾರ್ಲು ೧೮೮೩ರ ಜನವರಿಯಲ್ಲಿ ತೀರಿಕೊಂಡರು. ಅವರ ತರುವಾಯ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೮೬ರಲ್ಲಿ, ಹಾಸನವೂ ಚಿತ್ರದುರ್ಗವೂ ಮತ್ತೆ ಜಿಲ್ಲೆಗಳಾದುವು. ನಾಲ್ಕೇ ವರ್ಷಗಳಲ್ಲಿ ಹಿಂದಕ್ಕೆ ಪಡೆಯಬೇಕಾದ ಕಡಿತವನ್ನು ಉಳಿತಾಯವೆಂದು ಕರೆಯುವುದು ಕಷ್ಟ.

ಇಷ್ಟಕ್ಕೇ ನಿಲ್ಲಿಸಿದರೆ ರಂಗಾಚಾರ್ಲು ಅವರಿಗೆ ಅನ್ಯಾಯವಾದೀತು. ಅವರು ಕಡಿಯದೆ ಬಿಟ್ಟದ್ದನ್ನೂ ನೋಡಬೇಕು. ಕ್ಷಾಮಕಾಲದಲ್ಲಿ ಧಾನ್ಯವು ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಬರುತ್ತಿದ್ದಿತು; ಅಲ್ಲಿಂದ ಒಳನಾಡಿಗೆ ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದುವು. ಈ ಪಾಠವನ್ನು ಮರೆಯದೆ, ಸಾಲದ ನಡುವೆಯೂ ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸವನ್ನು ಅವರು ನಿಲ್ಲಿಸಲಿಲ್ಲ. ೧೮೮೨ರಲ್ಲಿ ದಾರಿಯು ಮೈಸೂರನ್ನು ಮುಟ್ಟಿತು. ಅವರು ಗತಿಸಿದ ಮರುವರ್ಷ, ೧೮೮೪ರಲ್ಲಿ, ಇನ್ನೊಂದು ದಾರಿಯು ತುಮಕೂರಿನ ಮೂಲಕ ಗುಬ್ಬಿಯನ್ನು ಮುಟ್ಟಿತು. ಹೊಸ ಕಾಮಗಾರಿಗಳನ್ನು ನಿಲ್ಲಿಸುವುದು ಹಣದ ಮುಗ್ಗಟ್ಟಿನಲ್ಲಿರುವ ಎಲ್ಲ ಆಡಳಿತಗಳಿಗೂ ಅತ್ಯಂತ ಸುಲಭವಾದ ಮಾರ್ಗ. ಹುಟ್ಟದ ರೈಲಿಗಾಗಿ ಯಾರೂ ಅರ್ಜಿ ಬರೆಯುವುದಿಲ್ಲ. ಆ ಸುಲಭಮಾರ್ಗವನ್ನು ಹಿಡಿಯದಿದ್ದುದರಲ್ಲಿ ದಿವಾನರ ದೂರದೃಷ್ಟಿ ಕಾಣುತ್ತದೆ.

ಎರಡನೆಯದಾಗಿ, ೧೮೮೧ರ ಅಕ್ಟೋಬರ್ ೭ರಂದು ಮೈಸೂರಿನಲ್ಲಿ ೧೪೪ ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯವನ್ನು ತಿರಸ್ಕರಿಸುವ ಅಧಿಕಾರವೂ ಇರಲಿಲ್ಲ. ಆದರೂ ಸಂಸ್ಥಾನದ ಸ್ಥಿತಿಗತಿಯನ್ನು ದಿವಾನರು ಜಮೀನುದಾರರ ಮತ್ತು ವರ್ತಕರ ಮುಂದೆ ನಿಂತು ಹೇಳಬೇಕಾಯಿತು, ಅವರ ದೂರುಗಳನ್ನು ಕೇಳಬೇಕಾಯಿತು. ಕಾಲು ಮಡಿಸಿಕೊಳ್ಳಬೇಕಾದವರಲ್ಲಿ ಕೆಲವರಾದರೂ ಅಳೆಯುವವರ ಎದುರಿಗೆ ಕುಳಿತ ಸಂದರ್ಭವಿದು.

ಮೂರನೆಯ ಸಂಗತಿಯು ಶುದ್ಧ ಲೆಕ್ಕದ್ದು. ಮೈಸೂರು ಬ್ರಿಟಿಷರಿಗೆ ವರ್ಷವರ್ಷವೂ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳ ಪೊಗದಿಯನ್ನು ಸಲ್ಲಿಸುತ್ತಿದ್ದಿತು. ಹಸ್ತಾಂತರದ ಕರಾರು ಇದನ್ನು ೩೫ ಲಕ್ಷಕ್ಕೆ ಏರಿಸಿತು. ಕ್ಷಾಮದ ಕಾರಣದಿಂದ ಈ ಏರಿಕೆಯನ್ನು ಮೊದಲು ಐದು ವರ್ಷ, ಅನಂತರ ೧೮೮೬ರಲ್ಲಿ ಮತ್ತೆ ಹತ್ತು ವರ್ಷ ತಡೆಹಿಡಿಯಲಾಯಿತು. ವರ್ಷಕ್ಕೆ ಹತ್ತೂವರೆ ಲಕ್ಷದಂತೆ ಹದಿನೈದು ವರ್ಷಗಳಿಗೆ ಗುಣಿಸಿದರೆ ಒಂದು ಕೋಟಿ ಐವತ್ತೇಳೂವರೆ ಲಕ್ಷ ರೂಪಾಯಿ; ಎಂದರೆ ಕ್ಷಾಮದ ಸಾಲದ ಸುಮಾರು ಎರಡರಷ್ಟು. ಕೆಳಗಿನ ಗುಮಾಸ್ತರ ಸಂಬಳವನ್ನು ಕಡಿಯುವುದಕ್ಕೆ ಮೊದಲು ಮೇಲಿನ ಸಾಲಗಾರನೊಡನೆ ಮಾತನಾಡಬೇಕೆಂಬ ಪಾಠವನ್ನು ಈ ಗುಣಾಕಾರವೊಂದೇ ಕಲಿಸುತ್ತದೆ.

೨

ಮೈಸೂರಿನ ದೃಷ್ಟಾಂತದಲ್ಲಿ ಪ್ರಜೆಯ ಮೇಲೆ ಸರಿದ ಹೊರೆಯನ್ನು ತರ್ಕದಿಂದ ತಿಳಿಯಬೇಕಾಗಿದೆ. ಅದನ್ನು ಎಣಿಸಿ ನೋಡಬಹುದಾದ ಪ್ರಯೋಗವೊಂದು ಇಂಗ್ಲೆಂಡಿನಲ್ಲಿ ೨೦೧೦ರಿಂದ ಈಚೆಗೆ ನಡೆದಿದೆ.

೨೦೦೮ರ ಬ್ಯಾಂಕುಗಳ ಬಿಕ್ಕಟ್ಟಿನ ತರುವಾಯ ಬ್ರಿಟನ್ನಿನ ಆಯವ್ಯಯದ ಕೊರತೆಯು ರಾಷ್ಟ್ರೀಯ ಉತ್ಪನ್ನದ ಶೇಕಡ ಹತ್ತರ ಸುಮಾರಿಗೆ ಏರಿದ್ದಿತು. ೨೦೧೦ರ ಅಕ್ಟೋಬರಿನಲ್ಲಿ ಅರ್ಥಸಚಿವ ಜಾರ್ಜ್ ಆಸ್ಬರ್ನ್ ನಾಲ್ಕು ವರ್ಷಗಳ ಕಡಿತದ ಯೋಜನೆಯನ್ನು ಮಂಡಿಸಿದರು. ಆಸ್ಪತ್ರೆ ಮತ್ತು ಶಾಲೆಗಳಿಗೆ ಒಂದು ಮಟ್ಟದ ರಕ್ಷಣೆ ದೊರೆಯಿತು. ಹೊರೆಯ ಬಹುಭಾಗ ಸ್ಥಳೀಯ ಸಂಸ್ಥೆಗಳ ಮೇಲೆ, ಅಂದರೆ ಕೌನ್ಸಿಲುಗಳ ಮೇಲೆ, ಬಿದ್ದಿತು. ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು ೨೦೧೮ರಲ್ಲಿ ತಿಳಿಸಿದಂತೆ, ೨೦೧೦–೧೧ರಿಂದ ೨೦೧೭–೧೮ರವರೆಗೆ ಕೇಂದ್ರವು ಕೌನ್ಸಿಲುಗಳಿಗೆ ಕೊಡುತ್ತಿದ್ದ ಹಣವು ನೈಜ ಮೌಲ್ಯದಲ್ಲಿ ಶೇಕಡ ೪೯.೧ರಷ್ಟು ಇಳಿಯಿತು. ಸ್ಥಳೀಯ ತೆರಿಗೆಯನ್ನು ಸೇರಿಸಿಕೊಂಡರೂ ವೆಚ್ಚಮಾಡುವ ಶಕ್ತಿ ಶೇಕಡ ೨೮.೬ರಷ್ಟು ಕುಗ್ಗಿತು.

ಇಲ್ಲಿ ಕೌನ್ಸಿಲುಗಳ ಕಟ್ಟುಪಾಡನ್ನು ಅರಿಯುವುದು ಅವಶ್ಯಕ. ದಿನನಿತ್ಯದ ವೆಚ್ಚಕ್ಕಾಗಿ ಸಾಲಮಾಡಲು ಅವುಗಳಿಗೆ ಅನುಮತಿಯಿಲ್ಲ. ಆಯವ್ಯಯ ಪ್ರತಿವರ್ಷವೂ ಸರಿಹೊಂದಲೇಬೇಕು. ಅವು ಮಾಡುವ ಕೆಲಸಗಳಲ್ಲಿ ಕೆಲವು ಶಾಸನಬದ್ಧವಾದುವು: ಅಶಕ್ತ ವೃದ್ಧರ ಆರೈಕೆ, ಮನೆಯಲ್ಲಿ ಅಪಾಯಕ್ಕೊಳಗಾದ ಮಕ್ಕಳ ಪೋಷಣೆ. ಇವನ್ನು ಕಡಿದರೆ ನ್ಯಾಯಾಲಯಕ್ಕೆ ಉತ್ತರ ಹೇಳಬೇಕು. ಆದುದರಿಂದ ಕತ್ತರಿಯು ಉಳಿದ ಕಡೆಗೆ ಹರಿಯಿತು. ೨೦೧೦–೧೧ರಿಂದ ೨೦೧೬–೧೭ರವರೆಗೆ ಇಂಥ ಆರೈಕೆಯ ವೆಚ್ಚ ಶೇಕಡ ೩ರಷ್ಟು ಇಳಿದರೆ, ಗ್ರಂಥಾಲಯ, ರಸ್ತೆ, ತರುಣರ ಕೇಂದ್ರ ಮೊದಲಾದ ಇತರ ಸೇವೆಗಳ ವೆಚ್ಚ ಶೇಕಡ ೩೨.೬ರಷ್ಟು ಇಳಿಯಿತು.

ಆರಂಭದ ಕಡಿತಗಳಲ್ಲಿ ನಿಜವಾದ ಉಳಿತಾಯವೂ ಇದ್ದಿತೆಂಬುದನ್ನು ಒಪ್ಪಬೇಕು. ನೆರೆಹೊರೆಯ ಕೆಲವು ಕೌನ್ಸಿಲುಗಳು ಒಬ್ಬನೇ ಮುಖ್ಯಾಧಿಕಾರಿಯನ್ನು ಹಂಚಿಕೊಂಡುವು, ಕಚೇರಿಗಳು ಒಂದಾದುವು. ಆದರೆ ಕೊಬ್ಬು ತೀರಿದ ಮೇಲೆ ಕತ್ತರಿಗೆ ಸಿಕ್ಕುವುದು ಮಾಂಸವೇ. ಬಡ ಪ್ರದೇಶಗಳ ಶಿಶುಗಳಿಗೂ ತಾಯಂದಿರಿಗೂ ೧೯೯೯ರಲ್ಲಿ ಆರಂಭಿಸಿದ್ದ ‘ಶೂರ್ ಸ್ಟಾರ್ಟ್’ ಕೇಂದ್ರಗಳ ವೆಚ್ಚವನ್ನು ೨೦೧೦ರ ಅನಂತರದ ಒಂದು ದಶಕದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಾಗಿ ಕಡಿಯಲಾಯಿತು. ಲಂಡನ್ನಿನ ಆರ್ಥಿಕ ಅಧ್ಯಯನ ಸಂಸ್ಥೆಯೊಂದು ೨೦೨೧ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇಂಥ ಕೇಂದ್ರಗಳಿದ್ದ ಕಡೆ ಬೆಳೆದ ಮಕ್ಕಳು ಹನ್ನೊಂದರಿಂದ ಹದಿನೈದರ ವಯಸ್ಸಿನಲ್ಲಿ ಆಸ್ಪತ್ರೆಗೆ ಸೇರುವುದು ಗಮನಾರ್ಹವಾಗಿ ಕಡಿಮೆಯಾಗಿತ್ತು. ಕೇಂದ್ರದ ವೆಚ್ಚ ಕೌನ್ಸಿಲಿನದು. ಆಸ್ಪತ್ರೆಯ ವೆಚ್ಚ ಬೇರೆ ಇಲಾಖೆಯದು. ಎರಡರ ನಡುವೆ ಹತ್ತು ವರ್ಷಗಳ ಅಂತರ. ಕೇಂದ್ರವನ್ನು ಮುಚ್ಚಿದವನಿಗೆ ಉಳಿತಾಯದ ಕೀರ್ತಿ ಬರುತ್ತದೆ. ಆಸ್ಪತ್ರೆಯ ಲೆಕ್ಕ ಬರುವ ಹೊತ್ತಿಗೆ ಅವನು ಆ ಕುರ್ಚಿಯಲ್ಲಿಯೇ ಇರುವುದಿಲ್ಲ.

ಇದೇ ಕಾಲದಲ್ಲಿ, ತಂದೆತಾಯಿಗಳಿಂದ ಬೇರ್ಪಟ್ಟು ಕೌನ್ಸಿಲುಗಳ ಪೋಷಣೆಯಲ್ಲಿದ್ದ ಮಕ್ಕಳ ಸಂಖ್ಯೆ ೨೦೧೦ರಲ್ಲಿ ಸುಮಾರು ೬೪ ಸಾವಿರವಿದ್ದದ್ದು ೨೦೨೩ರಲ್ಲಿ ೮೩ ಸಾವಿರವನ್ನು ಮೀರಿತು. ಇದಕ್ಕೆ ಕಡಿತವೊಂದೇ ಕಾರಣವೆನ್ನಲಾಗದು. ಆದರೆ ಸಂಸಾರ ಒಡೆಯುವ ಮುನ್ನ ನೆರವು ನೀಡುವ ಅಗ್ಗದ ಸೇವೆಯನ್ನು ನಿಲ್ಲಿಸಿ, ಒಡೆದ ಮೇಲೆ ಮಗುವನ್ನು ಸಾಕುವ ದುಬಾರಿ ಕರ್ತವ್ಯವನ್ನು ಉಳಿಸಿಕೊಂಡದ್ದು ಯಾವ ಲೆಕ್ಕದಿಂದಲೂ ಮಿತವ್ಯಯವೆನಿಸದು.

ನಾರ್ಥಾಂಪ್ಟನ್‌ಷೈರ್ ಕೌನ್ಸಿಲಿನ ಕಥೆ ಬ್ಯಾಂಕಿನವರಿಗೆ ವಿಶೇಷವಾಗಿ ಬೋಧಪ್ರದ. ೨೦೧೭ರಲ್ಲಿ ತೆರೆದ ತನ್ನ ಹೊಸ ಕಟ್ಟಡವನ್ನು ಅದು ಮರುವರ್ಷವೇ ಮಾರಿ, ಅದೇ ಕಟ್ಟಡದಲ್ಲಿ ಬಾಡಿಗೆಗೆ ಕುಳಿತಿತು. ಅದೇ ೨೦೧೮ರ ಫೆಬ್ರವರಿಯಲ್ಲಿ ಅದರ ಹಣಕಾಸಿನ ಅಧಿಕಾರಿಯು ಶಾಸನದಂತೆ ನೋಟೀಸು ಹೊರಡಿಸಿ ಹೊಸ ವೆಚ್ಚಗಳನ್ನು ನಿಲ್ಲಿಸಬೇಕಾಯಿತು. ೨೦೨೧ರ ಏಪ್ರಿಲಿನಲ್ಲಿ ಆ ಸಂಸ್ಥೆಯೇ ರದ್ದಾಯಿತು. ೨೦೨೩ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರವೂ ಇಂಥದೇ ನೋಟೀಸನ್ನು ಹೊರಡಿಸಿತು. ಸ್ತ್ರೀ ನೌಕರರಿಗೆ ಸಮಾನ ವೇತನದ ಬಾಕಿ, ಹೊಸ ಗಣಕಯಂತ್ರ ವ್ಯವಸ್ಥೆಯ ವೈಫಲ್ಯ ಮುಂತಾದ ಸ್ವಂತ ಕಾರಣಗಳು ಅಲ್ಲಿ ಇದ್ದುವು. ಆದರೂ ಬರಿದಾದ ಬೊಕ್ಕಸಕ್ಕೆ ಆಘಾತವನ್ನು ತಾಳುವ ಶಕ್ತಿಯಿರುವುದಿಲ್ಲವೆಂಬುದಂತೂ ಸ್ಪಷ್ಟ.

ಇನ್ನೊಂದು ಉಳಿತಾಯವನ್ನು ಹೇಳದಿರಲಾಗದು. ಕೌನ್ಸಿಲುಗಳ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದ ಆಡಿಟ್ ಕಮಿಷನ್ನನ್ನು ೨೦೧೫ರ ಮಾರ್ಚ್ ಕೊನೆಗೆ ಮುಚ್ಚಲಾಯಿತು. ೨೦೨೨–೨೩ರ ಲೆಕ್ಕಗಳಲ್ಲಿ ನಿಗದಿಯಾದ ಗಡುವಿನೊಳಗೆ ತಪಾಸಣೆ ಮುಗಿದಿದ್ದುವು ನೂರಕ್ಕೆ ಒಂದರಷ್ಟು ಮಾತ್ರ. ಎಣ್ಣೆ ಉಳಿಸಲೆಂದು ಮೊದಲು ದೀಪವನ್ನೇ ಆರಿಸಿದಂತಾಯಿತು. ಆಮೇಲೆ ಮನೆಯಲ್ಲಿ ಏನು ಮುರಿಯಿತೆಂದು ಕಾಣುವ ಬಗೆಯೇ ಉಳಿಯಲಿಲ್ಲ.

೩

ನಮ್ಮ ನಾಡಿನ ಇಂದಿನ ಸ್ಥಿತಿಗೂ ಈ ವಿಚಾರಕ್ಕೂ ನೇರವಾದ ಸಂಬಂಧವುಂಟು. ವಿತ್ತೀಯ ಹೊಣೆಗಾರಿಕೆಯ ಶಾಸನವನ್ನು ೨೦೦೨ರಲ್ಲಿ ರಾಜ್ಯಗಳ ಪೈಕಿ ಮೊದಲು ಮಾಡಿದ್ದು ಕರ್ನಾಟಕವೇ. ಕೊರತೆಯನ್ನು ರಾಜ್ಯದ ಉತ್ಪನ್ನದ ಶೇಕಡ ಮೂರರೊಳಗೆ ಇಡಬೇಕೆಂಬುದು ಅದರ ಒಂದು ಗುರಿ. ಶಾಸನ ಸ್ತುತ್ಯವಾದುದೇ. ಆದರೆ ಅದು ಕೊರತೆಯ ಮೊತ್ತವನ್ನು ನೋಡುತ್ತದೆ, ಕಡಿತದ ಗುಣವನ್ನು ನೋಡುವುದಿಲ್ಲ. ಸಂಬಳ, ಪಿಂಚಣಿ, ಬಡ್ಡಿ, ಈ ಮೂರನ್ನೂ ಯಾವ ಸರ್ಕಾರವೂ ವರ್ಷದ ನಡುವೆ ಮುಟ್ಟಲಾರದು. ಹೀಗಿರಲು ಕೈಗೆ ಸಿಕ್ಕುವುವು ಕೆರೆಯ ದುರಸ್ತಿ, ರಸ್ತೆಯ ಜೀರ್ಣೋದ್ಧಾರ, ತುಂಬದ ಉಪಾಧ್ಯಾಯರ ಮತ್ತು ದಾದಿಯರ ಹುದ್ದೆಗಳು.

ಇಲ್ಲಿ ಬ್ಯಾಂಕಿನ ಲೆಕ್ಕಕ್ಕೂ ಸರ್ಕಾರದ ಲೆಕ್ಕಕ್ಕೂ ಇರುವ ಭೇದವನ್ನು ಗಮನಿಸಬೇಕು. ಕೊಟ್ಟ ಸಾಲ ವಸೂಲಾಗುವುದು ಸಂಶಯವೆಂದು ತೋರಿದೊಡನೆ ಬ್ಯಾಂಕು ಆ ವರ್ಷದ ಲಾಭದಿಂದಲೇ ಅದಕ್ಕೆ ಹಣ ತೆಗೆದಿರಿಸಬೇಕು. ನಷ್ಟ ಪೂರ್ತಿಯಾಗಿ ಸಂಭವಿಸುವವರೆಗೆ ಕಾಯುವಂತಿಲ್ಲ. ನಮ್ಮ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಲೆಕ್ಕವಾದರೋ ನಗದಿನ ಲೆಕ್ಕ. ಬಂದ ಹಣ, ಹೋದ ಹಣ, ಇಷ್ಟೇ ಅದರಲ್ಲಿ ಕಾಣುವುದು. ಕೆರೆಯ ಏರಿ ಸವೆದದ್ದಕ್ಕೆ ಅಲ್ಲಿ ಖಾತೆಯಿಲ್ಲ. ದುರಸ್ತಿಯನ್ನು ಬಿಟ್ಟ ವರ್ಷ ಉಳಿತಾಯವೆಂದೂ, ಏರಿ ಒಡೆದ ವರ್ಷ ದೈವದ ಕೋಪವೆಂದೂ ಬರೆದುಕೊಳ್ಳುವುದು ಈ ಪದ್ಧತಿಯಲ್ಲಿ ಸಹಜವಾಗಿಬಿಡುತ್ತದೆ.

ಆದುದರಿಂದ ಕಡಿತ ಅನಿವಾರ್ಯವಾದಾಗ ಪ್ರತಿಯೊಂದು ಬಾಬಿಗೂ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಈ ವೆಚ್ಚ ನಿಂತರೆ ಆ ಹೊರೆಯನ್ನು ಇನ್ನು ಯಾರು ಹೊರುತ್ತಾರೆ? ಹಣ ಬಂದ ಮೇಲೆ ಇದನ್ನು ಮೊದಲಿನಂತೆ ಕಟ್ಟಲು ಎಷ್ಟು ಕಾಲ, ಎಷ್ಟು ಹಣ ಬೇಕು? ಹಾಸನವನ್ನು ಮತ್ತೆ ಜಿಲ್ಲೆಯಾಗಿ ಮಾಡಲು ಒಂದು ಆಜ್ಞೆ ಸಾಕಾಯಿತು. ಚದುರಿಹೋದ ಅನುಭವಿ ದಾದಿಯರನ್ನಾಗಲಿ ಉಪಾಧ್ಯಾಯರನ್ನಾಗಲಿ ಆಜ್ಞೆಯಿಂದ ಮರಳಿ ಪಡೆಯಲಾಗದು. ಕಡಿತದ ಪರಿಣಾಮವನ್ನು ಅಳೆಯುವವರು ಯಾರು, ಅವರನ್ನು ಉಳಿಸಿದ್ದೇವೆಯೇ? ಕಡೆಯದಾಗಿ, ಹೊರೆ ಹೊರುವವರ ಮುಂದೆ ನಿಂತು ಈ ಕಡಿತಕ್ಕೆ ಕಾರಣ ಹೇಳಿದ್ದೇವೆಯೇ?

ಈ ಪ್ರಶ್ನೆಗಳು ಸರ್ಕಾರಗಳಿಗೆ ಮಾತ್ರ ಮೀಸಲಲ್ಲ. ಹೊರನಾಡಿನ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಕುಳಿತವರಿಗೆ ಇವುಗಳ ರುಚಿ ಗೊತ್ತು. ವರಮಾನ ಇಳಿದ ವರ್ಷ ಗ್ರಂಥಾಲಯಕ್ಕೆ ಹೊಸ ಪುಸ್ತಕ ಕೊಳ್ಳುವುದನ್ನೂ ಮಕ್ಕಳ ಕನ್ನಡ ತರಗತಿಯನ್ನೂ ನಿಲ್ಲಿಸುವುದು ಸುಲಭ; ವಾರ್ಷಿಕೋತ್ಸವದ ವೇದಿಕೆಯನ್ನು ಕಿರಿದುಮಾಡುವುದು ಕಷ್ಟ. ಉತ್ಸವವನ್ನು ಮುಂದಿನ ವರ್ಷ ಮತ್ತೆ ವಿಜೃಂಭಣೆಯಿಂದ ನಡೆಸಬಹುದು. ತರಗತಿ ತಪ್ಪಿದ ಮಗು ಮುಂದಿನ ವರ್ಷಕ್ಕೆ ಒಂದು ವರ್ಷ ದೊಡ್ಡದಾಗಿರುತ್ತದೆ, ಬೇರೊಂದು ಭಾಷೆಯಲ್ಲಿ ಓದಿಗೆ ನೆಲೆನಿಂತಿರುತ್ತದೆ.

ಬೆಳೆ ಕೈಕೊಟ್ಟ ವರ್ಷ ಒಕ್ಕಲಿಗನು ಹಬ್ಬವನ್ನು ಬಿಡುತ್ತಾನೆ, ಬಟ್ಟೆಯನ್ನು ಬಿಡುತ್ತಾನೆ, ಒಂದು ಹೊತ್ತಿನ ಊಟವನ್ನೂ ಬಿಟ್ಟಾನು. ಬಿತ್ತನೆಯ ಬೀಜವನ್ನು ಮಾತ್ರ ಅಟ್ಟದ ಮೇಲಿನಿಂದ ಇಳಿಸುವುದಿಲ್ಲ. ಆಯವ್ಯಯ ಪತ್ರವನ್ನು ಬರೆಯುವವರು ಯಾವುದು ಹಬ್ಬ, ಯಾವುದು ಬೀಜ ಎಂಬುದನ್ನು ಮೊದಲು ಗುರುತಿಸಿಕೊಂಡು ಅನಂತರ ಕತ್ತರಿಯನ್ನು ಕೈಗೆತ್ತಿಕೊಳ್ಳಲಿ.