ಬೆಳಕು ಸೂಸುವ ಬ್ಯಾಕ್ಟೀರಿಯಾ ಮತ್ತು ಪೇಟೆಂಟ್: ಅರ್ಜಿದಾರರ ಮಾಹಿತಿಗಾಗಿ

ಸಮುದ್ರದಲ್ಲಿ ವಾಸಿಸುವ ಅಲಿವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾ ಸ್ವಾಭಾವಿಕವಾಗಿ ಬೆಳಕು ಸೂಸುತ್ತದೆ. ವಿಷಕಾರಿ ವಸ್ತುವಿರುವ ನೀರಿನ ಸಂಪರ್ಕದಲ್ಲಿ ಈ ಬೆಳಕು ಕುಂದುತ್ತದೆ. ಕುಂದಿದ ಪ್ರಮಾಣವನ್ನು ಅಳೆದು ನೀರಿನ ವಿಷತ್ವವನ್ನು ಅಂದಾಜಿಸಲಾಗುತ್ತದೆ.

ಪೇಟೆಂಟ್ ಅಧಿನಿಯಮ, 1970ರ ಪ್ರಕರಣ 3(ಸಿ) ಮೇರೆಗೆ, ನಿಸರ್ಗದಲ್ಲಿರುವ ಜೀವಿಯನ್ನು ಪತ್ತೆ ಹಚ್ಚಿದ ಮಾತ್ರಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಮಾರ್ಪಡಿಸಿದ ಸೂಕ್ಷ್ಮಾಣುಜೀವಿ ಅಥವಾ ಅದನ್ನು ಬಳಸುವ ನೂತನ ಸಾಧನಕ್ಕೆ ಅರ್ಜಿ ಸಲ್ಲಿಸಬಹುದು.

ಬರಹದಲ್ಲಿ ಪೂರ್ಣವಾಗಿ ವಿವರಿಸಲಾಗದ ಹಾಗೂ ಸಾರ್ವಜನಿಕರಿಗೆ ಲಭ್ಯವಿಲ್ಲದ ಜೀವಿಯನ್ನು, ಬುಡಾಪೆಸ್ಟ್ ಒಪ್ಪಂದದನ್ವಯ ಮಾನ್ಯತೆ ಪಡೆದ ಸಂಸ್ಥೆಯಲ್ಲಿ (ಉದಾ: ಚಂಡೀಗಢದ ಎಂ.ಟಿ.ಸಿ.ಸಿ.) ಅರ್ಜಿಯ ದಿನಾಂಕದೊಳಗೆ ಠೇವಣಿ ಇರಿಸತಕ್ಕದ್ದು. ಜೀವಿಯ ಮೂಲಸ್ಥಳವನ್ನೂ ನಮೂದಿಸತಕ್ಕದ್ದು. ತಪ್ಪಿದಲ್ಲಿ, ಮಂಜೂರಾದ ಪೇಟೆಂಟ್ ಸಹ ರದ್ದಾಗಬಹುದು.

ಅರ್ಜಿಗೆ ಮುನ್ನವೇ ಸಂಶೋಧನೆಯನ್ನು ಪ್ರಕಟಿಸಿದಲ್ಲಿ ಅದರ ನವೀನತೆಗೆ ಧಕ್ಕೆಯಾಗುವ ಸಂಭವವಿರುವುದರಿಂದ, ಮೊದಲು ಅರ್ಜಿ ಸಲ್ಲಿಸುವುದು ಸೂಕ್ತ. ಪೇಟೆಂಟ್ ಅವಧಿಯು ಅರ್ಜಿಯ ದಿನಾಂಕದಿಂದ 20 ವರ್ಷಗಳು.