ಕುದುರೆ ಗೆದ್ದಿತು, ಮೊಲ ಸೋತಿತು: ಒಂದು ಮದ್ದಿನ ಪರೀಕ್ಷೆಯ ಕಥೆ

ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಸಿದ್ಧಕಟ್ಟೆಯ ಗೆಳೆಯನ ಸಂದೇಶ ಬಂತು: ನೆರೆಮನೆಯ ಹುಡುಗನಿಗೆ ಪ್ಲೇಟ್‌ಲೆಟ್ ಬೇಕು, ಮಂಗಳೂರಿಗೆ ಯಾರು ಬರ್ತೀರಿ? ಮಳೆಗಾಲ ಬೇರೆ, ಡೆಂಗ್ಯೂ ಇರ್ಬೇಕು ಅಂದುಕೊಂಡೆವು. ಅದಲ್ಲ, ಅಪ್ಲಾಸ್ಟಿಕ್ ಅನೀಮಿಯಾ ಅಂತೆ. "ಕುದುರೆಯಿಂದ ತೆಗೆದ ಮದ್ದು ಕೊಡ್ತಾರಂತೆ ಮಾರಾಯ. ನಮ್ಮ ಹುಡುಗನ ಮೇಲೆ ಪ್ರಯೋಗ ಮಾಡ್ತಾರಾ ಅಂತ ಮನೆಯವರಿಗೆ ಹೆದರಿಕೆ" ಎಂದ ಗೆಳೆಯ. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಮಗೆ ಸಿಕ್ಕಿದ್ದು ಈ ಕಥೆ.

ಮೊದಲು ಕಾಯಿಲೆಯ ವಿಷಯ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮೂರೂ ತಯಾರಾಗುತ್ತವೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಈ ಮೂರೂ ಕಡಿಮೆಯಾಗುತ್ತವೆ. ಮಜ್ಜೆಯ ಜಾಗದಲ್ಲಿ ಬರೀ ಕೊಬ್ಬು ತುಂಬಿರುತ್ತದೆ. ಸುಸ್ತು, ಬಿಡದ ಜ್ವರ, ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಎಲ್ಲ ಅದರ ಫಲ. ಪಶ್ಚಿಮದ ದೇಶಗಳಲ್ಲಿ ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 2 ಮಂದಿಗೆ ಬರುವ ಅಪರೂಪದ ಕಾಯಿಲೆ ಇದು. ಏಷ್ಯಾದಲ್ಲಿ ಅದರ ಎರಡು-ಮೂರು ಪಟ್ಟು. ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸು 15ರಿಂದ 25, ಅಂದರೆ ನಮ್ಮದೇ ವಯಸ್ಸು.

ಬಹುಪಾಲು ರೋಗಿಗಳಲ್ಲಿ ತಪ್ಪು ಮಾಡುವುದು ದೇಹದ ಕಾವಲುಗಾರರೇ. ಟಿ ಜೀವಕೋಶಗಳು ಮಜ್ಜೆಯ ಮೂಲಕೋಶಗಳನ್ನು ಶತ್ರು ಎಂದು ತಿಳಿದು ಕೊಲ್ಲುತ್ತವೆ. ಇದು ಗೊತ್ತಾದದ್ದೂ ಆಕಸ್ಮಿಕವಾಗಿ. 1970ರ ಸುಮಾರಿಗೆ ಫ್ರಾನ್ಸಿನ ವೈದ್ಯ ಜಾರ್ಜ್ ಮಾಥೆ ಬೇರೆಯವರ ಮಜ್ಜೆ ಕಸಿ ಮಾಡುವ ಮೊದಲು ರೋಗಿಗಳ ಪ್ರತಿರೋಧ ತಗ್ಗಿಸಲು ಒಂದು ಸೀರಮ್ ಕೊಟ್ಟಿದ್ದರು. ಕಸಿಯ ಮಜ್ಜೆ ನಿಲ್ಲಲಿಲ್ಲ. ಆದರೆ ಕೆಲವರಲ್ಲಿ ಅವರದೇ ಮಜ್ಜೆ ಮತ್ತೆ ಚಿಗುರಿತು! ಕಾವಲುಗಾರರನ್ನು ಹಿಡಿದು ಕೂರಿಸಿದರೆ ಮಜ್ಜೆ ಚೇತರಿಸಿಕೊಳ್ಳಬಹುದು ಎಂಬ ಸುಳಿವು ಅಲ್ಲಿ ಸಿಕ್ಕಿತು.

ಆ ದಾರಿಯಲ್ಲಿ ಬೆಳೆದ ಮದ್ದೇ ಎಟಿಜಿ. ಮನುಷ್ಯರ ಥೈಮಸ್ ಗ್ರಂಥಿಯ ಕೋಶಗಳನ್ನು ಕುದುರೆಗೆ ಚುಚ್ಚಿದರೆ ಕುದುರೆಯ ರಕ್ತದಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಅದನ್ನು ಶುದ್ಧಮಾಡಿ ರೋಗಿಗೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಜೊತೆಗೆ ಸೈಕ್ಲೋಸ್ಪೊರಿನ್ ಮಾತ್ರೆ. ಇದೇ ಎಟಿಜಿಯನ್ನು ಮೊಲದಿಂದಲೂ ತಯಾರಿಸುತ್ತಾರೆ.

ಯಾವುದು ಒಳ್ಳೆಯದು? ಲೆಕ್ಕಾಚಾರವೆಲ್ಲ ಮೊಲದ ಕಡೆಗಿತ್ತು. ಕಿಡ್ನಿ ಕಸಿಯಲ್ಲಿ ಅದೇ ಹೆಚ್ಚು ಪ್ರಬಲ ಎಂದು ಕಂಡಿತ್ತು. ಕುದುರೆಯ ಮದ್ದು ಫಲಿಸದ ಕೆಲವರಿಗೆ ಮೊಲದ್ದು ಫಲಿಸಿತ್ತು. ಮೇಲಾಗಿ ಹಲವು ದೇಶಗಳ ಮಾರುಕಟ್ಟೆಯಲ್ಲಿ ಕುದುರೆಯ ಮದ್ದೇ ಸಿಗದಂತಾಗಿತ್ತು.

ಇಲ್ಲಿ ಸ್ವಲ್ಪ ಸಿದ್ಧಕಟ್ಟೆಯ ಅಡಿಕೆ ತೋಟಕ್ಕೆ ಹೋಗೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬದಲು ಹೊಸ ಮದ್ದು ಬಂದಿದೆ ಎನ್ನಿ. ಗುಡ್ಡದ ಬದಿಯ ಒಣ ಜಾಗದ ಮರಗಳಿಗೆ ಹೊಸತು, ತೋಡಿನ ಬದಿಯ ತಂಪು ಜಾಗಕ್ಕೆ ಹಳತು ಹೊಡೆದರೆ ಹೊಸತೇ ಗೆದ್ದಂತೆ ಕಾಣುತ್ತದೆ. ಗೆದ್ದದ್ದು ಮದ್ದಲ್ಲ, ಬಿಸಿಲು. ಒಂದೊಂದು ಮರಕ್ಕೂ ನಾಣ್ಯ ಚಿಮ್ಮಿ ನಿರ್ಧರಿಸಿದರೆ ಬಿಸಿಲು, ನೆರಳು, ಮಣ್ಣು ಎರಡೂ ಗುಂಪಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗುತ್ತವೆ. ಆಗ ಉಳಿಯುವ ವ್ಯತ್ಯಾಸ ಮದ್ದಿನದ್ದು. ಆಸ್ಪತ್ರೆಯ ಸಂಶೋಧನೆಯಲ್ಲೂ ಇದೇ ತತ್ತ್ವ.

ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 2005ರಿಂದ 2010ರ ನಡುವೆ ಹೀಗೇ ಮಾಡಿದರು. ತೀವ್ರ ಕಾಯಿಲೆಯ 120 ರೋಗಿಗಳಲ್ಲಿ ಲಾಟರಿ ಪ್ರಕಾರ 60 ಮಂದಿಗೆ ಕುದುರೆ, 60 ಮಂದಿಗೆ ಮೊಲ. ಸೈಕ್ಲೋಸ್ಪೊರಿನ್ ಇಬ್ಬರಿಗೂ. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. 6 ತಿಂಗಳಲ್ಲಿ ಚೇತರಿಕೆ ಕಂಡವರು ಕುದುರೆ ಗುಂಪಿನಲ್ಲಿ 68%, ಮೊಲದ ಗುಂಪಿನಲ್ಲಿ 37%. 3 ವರ್ಷದ ನಂತರ ಬದುಕುಳಿದವರ ಪ್ರಮಾಣ 94% ಮತ್ತು 70%. ತಮಾಷೆ ಏನೆಂದರೆ ಮೊಲದ ಮದ್ದು ಟಿ ಕೋಶಗಳನ್ನು ಹೆಚ್ಚೇ ತಗ್ಗಿಸಿತ್ತು, ಹೆಚ್ಚು ಕಾಲವೂ ತಗ್ಗಿಸಿತ್ತು. ಹೆಚ್ಚು ಪ್ರಬಲವಾದದ್ದು ಹೆಚ್ಚು ಪ್ರಯೋಜನಕ್ಕೆ ಬರಲೇಬೇಕೆಂದಿಲ್ಲ. ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿ ಓಡಿದ ಪ್ರಾಜೆಕ್ಟು ಲ್ಯಾಬಿನಲ್ಲಿ ಕೈಕೊಟ್ಟಾಗ ನಮಗೂ ಇದು ಅರ್ಥವಾಗಿದೆ. ಇಲ್ಲಿ ಮಾತ್ರ ಕೈಕೊಟ್ಟರೆ ಜೀವ ಹೋಗುತ್ತದೆ.

ಕೆಲಸ ಅಲ್ಲಿಗೇ ನಿಂತಿಲ್ಲ. ಎಲ್ಟ್ರೊಂಬೊಪ್ಯಾಗ್ ಎಂಬ ಮಾತ್ರೆಯನ್ನು ಕುದುರೆ ಎಟಿಜಿ ಜೊತೆ ಸೇರಿಸಿ ಯುರೋಪಿನಲ್ಲಿ 197 ರೋಗಿಗಳ ಮೇಲೆ ಪರೀಕ್ಷಿಸಿದರು. 3 ತಿಂಗಳಲ್ಲಿ ಪೂರ್ಣ ಚೇತರಿಕೆ 10%ರಿಂದ 22%ಕ್ಕೆ ಏರಿತು ಎಂದು 2022ರಲ್ಲಿ ವರದಿಯಾಯಿತು.

ಹಾಗಾದರೆ ಸಿದ್ಧಕಟ್ಟೆಯ ಮನೆಯವರ ಪ್ರಶ್ನೆಗೆ ಉತ್ತರ? ಆ ಹುಡುಗನಿಗೆ ಕೊಡುವುದು ಪ್ರಯೋಗವಲ್ಲ. ಬೇರೆ ಯಾರೋ 120 ಮಂದಿ ಪ್ರಯೋಗಕ್ಕೆ ಒಪ್ಪಿಕೊಂಡಿದ್ದರಿಂದ ಸಿಕ್ಕಿದ ಉತ್ತರ. ನಾಳೆ ನಮ್ಮಲ್ಲಿ ಯಾರಿಗಾದರೂ ನಿಜವಾಗಿಯೇ ಸಂಶೋಧನೆಗೆ ಸೇರುವ ಅವಕಾಶ ಬಂದರೆ ಕೇಳಬೇಕಾದ ಪ್ರಶ್ನೆಗಳಿವೆ: ಯಾವುದರ ಜೊತೆ ಹೋಲಿಸ್ತೀರಿ? ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿದೆಯಾ? ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿ ಉಂಟಾ? ಮಧ್ಯದಲ್ಲಿ ಬಿಡಬಹುದಾ? ಬಿಡಬಹುದು, ಅದು ರೋಗಿಯ ಹಕ್ಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ.

ಎಟಿಜಿ ಕೊಟ್ಟ ಮರುದಿನವೇ ಮಜ್ಜೆ ಏಳುವುದಿಲ್ಲ. 3ರಿಂದ 6 ತಿಂಗಳು ಕಾಯಬೇಕು. ಅಷ್ಟು ಕಾಲ ರೋಗಿ ನಿಲ್ಲುವುದು ಬೇರೆಯವರ ರಕ್ತದ ಮೇಲೆ. ಮುಂದೆ ಮಜ್ಜೆ ಕಸಿ ಬೇಕಾಗಬಹುದಾದ್ದರಿಂದ ಅಣ್ಣ-ತಂಗಿ, ಅಪ್ಪ-ಅಮ್ಮ ರಕ್ತ ಕೊಡದಿರುವುದೇ ಒಳ್ಳೆಯದು: ಅವರ ರಕ್ತ ಮೊದಲೇ ಹೋದರೆ ಕಸಿಯನ್ನು ದೇಹ ತಿರಸ್ಕರಿಸುವ ಅಪಾಯ ಹೆಚ್ಚು. ಪ್ಲೇಟ್‌ಲೆಟ್ ಬಾಳುವುದು 5 ದಿನ ಮಾತ್ರ, ಹಾಗಾಗಿ ಎಲ್ಲರೂ ಒಂದೇ ದಿನ ಓಡಿದರೂ ಪ್ರಯೋಜನವಿಲ್ಲ.

ಅದಕ್ಕೇ ನಾವು ಒಂದು ಪಟ್ಟಿ ಮಾಡಿದ್ದೇವೆ: ಹೆಸರು, ರಕ್ತದ ಗುಂಪು, ಯಾವ ವಾರ. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿದೆ. ಮುಂದಿನ ತಿಂಗಳ ಎರಡು ವಾರ ಇನ್ನೂ ಖಾಲಿ ಉಂಟು.